ಗಾಲಿಯ ಮೇಲಿನ ಅಡುಗೆಮನೆ

ನಮ್ಮ ಯಜಮಾನರದು ವರ್ಗಾವಣೆಯ ನೌಕರಿ. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಹನ್ನೊಂದು ಊರಿನ ನೀರು ಕುಡಿದವಳು ನಾನು. ಪ್ರತಿ ಸಲವೂ ಸಾಮಾನಿನ ಲಾರಿಯಲ್ಲಿ ಡ್ರೈವರ್ ಪಕ್ಕ, ದೇವರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಹಿಂದೆ ಒರಳುಕಲ್ಲು, ಹಿತ್ತಾಳೆ ಹಂಡೆ, ಉಪ್ಪಿನಕಾಯಿ ಭರಣಿ. ಹಳ್ಳ ಬಂದಾಗಲೆಲ್ಲ ಭರಣಿಯ ಯೋಚನೆ. ಕೊನೆಗೆ ತುಮಕೂರಿನಲ್ಲಿ ಸ್ವಂತ ಮನೆಯಾದಾಗ, ಇನ್ನು ಈ ಜನ್ಮದಲ್ಲಿ ಲಾರಿ ಹತ್ತುವುದಿಲ್ಲ ಎಂದು ಒರಳುಕಲ್ಲನ್ನು ಹಿತ್ತಲಲ್ಲಿ ಹೂಳಿಸಿಬಿಟ್ಟೆ.

ಹಾಗಾಗಿ ಅರಿಜೋನಾದಲ್ಲಿ ಮಗಳ ಎದುರುಮನೆಯ ಮುಂದೆ ಮನೆ ಹೊತ್ತ ಟ್ರಕ್ ಬಂದು ನಿಂತಾಗ ನನಗೆ ಕುತೂಹಲ ತಡೆಯಲಾಗಲಿಲ್ಲ. ಎದುರುಮನೆಯವರ ನೆಂಟರು, ಅರವತ್ತೈದು ದಾಟಿದ ಗಂಡ ಹೆಂಡತಿ. ಆಕೆ ನಗುತ್ತ ಒಳಗೆ ಕರೆದರು. ಪಿಕಪ್ ಟ್ರಕ್ಕಿನ ಹಿಂಭಾಗಕ್ಕೆ ಪೆಟ್ಟಿಗೆಯಂಥ ಮನೆಯೊಂದನ್ನು ಜಾರಿಸಿ ಕೂರಿಸಿದ್ದರು. ನಾಲ್ಕು ಮೂಲೆಗೆ ನಾಲ್ಕು ಕಾಲು. ಅವನ್ನು ನೆಲಕ್ಕೆ ಊರಿದರೆ ಮನೆ ನಿಂತಲ್ಲೇ ನಿಲ್ಲುತ್ತದೆ, ಬರಿಯ ಟ್ರಕ್ಕಿನಲ್ಲಿ ಅಂಗಡಿಗೆ ಹೋಗಿ ಬರಬಹುದು. ಡ್ರೈವರ್ ತಲೆಯ ಮೇಲೆ ಹಾಸಿಗೆ, ಕೆಳಗೆ ಎರಡು ಒಲೆ, ಅಂಗೈಯಷ್ಟು ಸಿಂಕು, ನೀರಿನ ಟ್ಯಾಂಕು. ಒಂದು ಬಾಣಲೆ, ಎರಡು ಪಾತ್ರೆ, ನಾಲ್ಕು ತಟ್ಟೆ. ಮೊದಲು ಮನೆ ಮಾರಿ ಉದ್ದನೆಯ ಟ್ರೈಲರಿಗೆ ಬಂದರಂತೆ. ಅದನ್ನು ಹಿಂದಕ್ಕೆ ತಿರುಗಿಸುವುದೇ ಯಜ್ಞವಾಗಿ, ಸಣ್ಣ ರಸ್ತೆಗಳಿಗೆ ನುಗ್ಗುವುದೂ ಆಗದೆ, ಈಗ ಇದಕ್ಕೆ ಬದಲಾಯಿಸಿದ್ದಾರೆ. "ಉಳಿದ ಸಾಮಾನು?" ಎಂದೆ. "ಕೊಟ್ಟುಬಿಟ್ಟೆ" ಎಂದರು, ಬೇಸಿಗೆಯಲ್ಲಿ ಕಂಬಳಿ ಕೊಟ್ಟಷ್ಟು ಸುಲಭವಾಗಿ.

ಅದೇ ವಾರ ಮಗನ ಫೋನು ಬಂತು. "ಅಮ್ಮಾ, ಅಪ್ಪನೂ ಇಲ್ಲ, ಒಬ್ಬಳೇ ಎಷ್ಟು ದಿನ ಇರ್ತೀಯ? ತುಮಕೂರಿನ ಮನೆ ಮಾರಿಬಿಡೋಣ. ನಾವು ಮೂವರು ಇದ್ದೀವಲ್ಲ, ನಾಲ್ಕು ನಾಲ್ಕು ತಿಂಗಳು ಒಬ್ಬೊಬ್ಬರ ಹತ್ತಿರ ಇರು." ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮನೆ ಮಾರಿದ ಆಕೆ ನಗುತ್ತಾರೆ, ನನಗೇಕೆ ಎದೆ ಭಾರ? ಮಗಳು ಲೈಬ್ರರಿಯಿಂದ ತಂದುಕೊಟ್ಟ ಪುಸ್ತಕಗಳನ್ನು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದತೊಡಗಿದೆ.

ಆ ದೇಶದಲ್ಲಿ ಮನೆಯನ್ನು ಗಾಲಿಯ ಮೇಲೆ ಏರಿಸುವುದು ಹೊಸದಲ್ಲ. 1840ರ ದಶಕದಿಂದ ಸಾವಿರಾರು ಸಂಸಾರಗಳು ಬಟ್ಟೆಯ ಕಮಾನು ಹೊದೆಸಿದ ಬಂಡಿಗಳಲ್ಲಿ ಮಿಸ್ಸೂರಿಯಿಂದ ಆರೆಗಾನ್ ಕಡೆಗೆ ಹೊರಟವು. ಸುಮಾರು 2000 ಮೈಲಿ, ಐದಾರು ತಿಂಗಳ ದಾರಿ. ಬಂಡಿಯ ತುಂಬ ದವಸ, ಸಾಮಾನು. ಎತ್ತುಗಳಿಗೆ ಭಾರವಾದೀತೆಂದು ಹೆಂಗಸರು ಮಕ್ಕಳು ಹೆಚ್ಚಾಗಿ ನಡೆದೇ ಸಾಗಿದರು. ಏರು ಬಂದಾಗ ಮೊದಲು ದಾರಿಯ ಪಾಲಾದದ್ದು ತವರಿನಿಂದ ತಂದ ಬೀರು, ಕಬ್ಬಿಣದ ಒಲೆ. ಒಂದು ಸಂಗತಿ ಓದಿ ಮಾತ್ರ ನಗು ಬಂತು. ಬೆಳಿಗ್ಗೆ ಕರೆದ ಹಾಲನ್ನು ಪಾತ್ರೆಯಲ್ಲಿ ಹಾಕಿ ಬಂಡಿಗೆ ಕಟ್ಟಿಬಿಡುತ್ತಿದ್ದರಂತೆ. ದಿನವಿಡೀ ಕುಲುಕಿ ಕುಲುಕಿ ಸಂಜೆಗೆ ಬೆಣ್ಣೆ! ಕಡೆಗೋಲಿನ ಕೆಲಸವನ್ನು ರಸ್ತೆಯೇ ಮಾಡಿತು.

ಇದನ್ನೋದುವಾಗ ನಮ್ಮ ಲಂಬಾಣಿಗರ ನೆನಪಾಯಿತು. ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ದಖ್ಖನ್ನಿನ ಉದ್ದಗಲ ತಿರುಗಿದವರು ಅವರು. ದಂಡಿಗೂ ದವಸ ಮುಟ್ಟಿಸಿದವರು. 19ನೇ ಶತಮಾನದಲ್ಲಿ ರೈಲು ಬಂದು ಆ ಕಸುಬನ್ನು ಕಿತ್ತುಕೊಂಡಿತು. ಬ್ರಿಟಿಷರು 1871ರಲ್ಲಿ ತಂದ ಕಾನೂನು ಎಷ್ಟೋ ಅಲೆಮಾರಿ ಜನರನ್ನು ಹುಟ್ಟು ಅಪರಾಧಿಗಳೆಂದು ಪಟ್ಟಿಮಾಡಿತು. ಸ್ವಾತಂತ್ರ್ಯ ಬಂದು 1952ರ ಹೊತ್ತಿಗೆ ಆ ಪಟ್ಟಿ ಹೋಯಿತು, ಅನುಮಾನ ಮಾತ್ರ ಪೂರ್ತಿ ಹೋಗಲಿಲ್ಲ. ಒಂದೆಡೆ ನೆಲೆ ನಿಲ್ಲದವರನ್ನು ಕಂಡರೆ ಸರಕಾರಕ್ಕೂ ಅಳುಕು, ಊರಿಗೂ ಅಳುಕು.

ಆದರೆ ಉಳ್ಳವರು ಅಲೆದರೆ ಅದಕ್ಕೆ ಹೆಸರೇ ಬೇರೆ. 1885ರಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾಪಡೆಯ ವೈದ್ಯರು ಕುದುರೆ ಕಟ್ಟಿದ ಗಾಡಿಮನೆಯಲ್ಲಿ ಸ್ಕಾಟ್‌ಲೆಂಡಿನವರೆಗೆ ವಿಹಾರ ಹೋದರು. ಗಾಡಿ ಹೊಡೆಯಲೊಬ್ಬ, ಸೇವೆಗೊಬ್ಬ. 1910ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಪಿಯರ್ಸ್ ಆ್ಯರೋ ಕಂಪನಿ ಒಂದು ಮೋಟಾರು ಇಟ್ಟಿತು. ಹಿಂದಿನ ಸೀಟು ಮಡಿಸಿದರೆ ಹಾಸಿಗೆ, ಡ್ರೈವರ್ ಬೆನ್ನ ಹಿಂದೆ ಕೈತೊಳೆಯುವ ಬೋಗುಣಿ!

ನನ್ನನ್ನು ತಡೆದು ನಿಲ್ಲಿಸಿದವರು ಜಾನ್ ಸ್ಟೈನ್‌ಬೆಕ್. ಈ ಒಬ್ಬ ಲೇಖಕರ ಬರಹದಲ್ಲಿ ಎರಡು ಟ್ರಕ್ಕುಗಳಿವೆ. ಮೊದಲನೆಯದು 1939ರಲ್ಲಿ ಬಂದ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯದು. ಧೂಳಿನ ಬಿರುಗಾಳಿಗೂ ಸಾಲಕ್ಕೂ ಸಿಕ್ಕಿ ಒಕ್ಲಹೋಮಾದ ಒಕ್ಕಲು ಸಂಸಾರವೊಂದು ಹಳೆಯ ಕಾರನ್ನು ಕತ್ತರಿಸಿ ಟ್ರಕ್ ಮಾಡಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತದೆ. ಹೊರಡುವ ಮುನ್ನ ಆ ಮನೆಯ ತಾಯಿ ಒಬ್ಬಳೇ ಕೂತು ತನ್ನ ಪೆಟ್ಟಿಗೆ ತೆರೆಯುತ್ತಾಳೆ. ಹಳೆಯ ಕಾಗದಗಳು, ಫೋಟೋಗಳು. ಒಂದೆರಡು ಒಡವೆ ತೆಗೆದಿಟ್ಟುಕೊಂಡು ಉಳಿದುದನ್ನು ಪೆಟ್ಟಿಗೆ ಸಮೇತ ಒಲೆಗೆ ಹಾಕುತ್ತಾಳೆ. ಅದನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕೂತೆ.

ಎರಡನೆಯ ಟ್ರಕ್ಕು ಸ್ಟೈನ್‌ಬೆಕ್ ಅವರದೇ. 1960ರಲ್ಲಿ, ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ, ಪಿಕಪ್ಪಿನ ಮೇಲೆ ಪುಟ್ಟ ಮನೆ ಕೂರಿಸಿಕೊಂಡು, ಚಾರ್ಲಿ ಎಂಬ ನಾಯಿಯೊಡನೆ ದೇಶ ಸುತ್ತಿದರು. ಎದುರುಮನೆಯ ಮುಂದೆ ನಿಂತದ್ದು ಅದರ ಮೊಮ್ಮಗಳೇ ಅನ್ನಿ. ಅದಕ್ಕೆ ಡಾನ್ ಕಿಹೋಟೆಯ ಕುದುರೆಯ ಹೆಸರು: ರೊಸಿನಾಂಟೆ. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿಗೆ ಬಟ್ಟೆ, ನೀರು, ಸೋಪಿನ ಪುಡಿ ಹಾಕಿ, ಎಳೆದರೆ ಹಿಗ್ಗುವ ಹಗ್ಗದಲ್ಲಿ ತೂಗುಹಾಕುತ್ತಿದ್ದರು. ರಸ್ತೆ ಕುಲುಕಿದಂತೆಲ್ಲ ಬಟ್ಟೆ ಒಗೆದಾಗುತ್ತಿತ್ತು. ಬೆಣ್ಣೆಯ ಬಂಡಿಯವರ ಉಪಾಯವೇ! ಆದರೆ ಅವರಿಗೆ ಹಿಂತಿರುಗಲು ಮನೆಯಿತ್ತು, ಮನೆಯಲ್ಲಿ ಹೆಂಡತಿಯಿದ್ದರು. ಆ ಟ್ರಕ್ಕು ಈಗ ಅವರ ಹುಟ್ಟೂರು ಸಲೀನಾಸ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಎರಡರಲ್ಲೂ ರಸ್ತೆಯೇ ಮನೆ. ವ್ಯತ್ಯಾಸ ಟ್ರಕ್ಕಿನಲ್ಲಿಲ್ಲ; ಹೊರಡಬೇಕೆಂದು ತೀರ್ಮಾನಿಸಿದವರು ಯಾರು ಎಂಬುದರಲ್ಲಿದೆ. 2008ರ ಆರ್ಥಿಕ ಕುಸಿತದ ನಂತರವೂ ಮನೆ ಕಳೆದುಕೊಂಡ ಎಷ್ಟೋ ಹಿರಿಯರು, ಹೆಂಗಸರೂ ಸೇರಿ, ವ್ಯಾನುಗಳಲ್ಲಿ ಬದುಕತೊಡಗಿದರು. ಜೆಸಿಕಾ ಬ್ರೂಡರ್ 2017ರಲ್ಲಿ ಅವರ ಬಗ್ಗೆ 'ನೋಮ್ಯಾಡ್‌ಲ್ಯಾಂಡ್' ಪುಸ್ತಕ ಬರೆದರು. ಅದನ್ನು ಸಿನಿಮಾ ಮಾಡಿದ ಕ್ಲೋಯಿ ಝಾವ್ 2021ರಲ್ಲಿ ಆಸ್ಕರ್ ಪಡೆದರು. ಹೊರಗಿನಿಂದ ನೋಡಿದರೆ ಅವರ ವ್ಯಾನೂ ಮನೆಯೇ, ಎದುರುಮನೆಯ ಮುಂದಿನ ಟ್ರಕ್ಕೂ ಮನೆಯೇ.

ಹೊರಡುವ ಹಿಂದಿನ ದಿನ ಆಕೆಗೆ ಚಪಾತಿ, ಪಲ್ಯ ತೆಗೆದುಕೊಂಡು ಹೋದೆ. "ಕಾಗದ ಪತ್ರ ಬರುವುದು ಎಲ್ಲಿಗೆ?" ಎಂದು ಕೇಳಿದೆ. ಟೆಕ್ಸಸ್‌ನ ಲಿವಿಂಗ್‌ಸ್ಟನ್ನಿಗೆ ಎಂದರು. ಕೇ ಪೀಟರ್ಸನ್ ಎಂಬಾಕೆ ಗಂಡನೊಡನೆ 1970ರಲ್ಲಿ ರಸ್ತೆಗಿಳಿದು, 1978ರಲ್ಲಿ ಇಂಥವರಿಗಾಗಿ ಎಸ್ಕೇಪೀಸ್ ಎಂಬ ಸಂಘ ಕಟ್ಟಿದರಂತೆ. ಲೈಸೆನ್ಸಿಗೆ, ಓಟಿಗೆ ವಿಳಾಸ ಬೇಕೇ ಬೇಕಲ್ಲ! ಸಂಘ ಅಲ್ಲಿ ಅಂಚೆ ಪಡೆದು ಸದಸ್ಯರು ಇದ್ದಲ್ಲಿಗೆ ಕಳಿಸಿಕೊಡುತ್ತದೆ. ಕೈಕಾಲು ಸೋತು ಗಾಡಿ ಓಡಿಸಲಾಗದವರಿಗೆ, ತಮ್ಮ ಗಾಲಿಮನೆಯಲ್ಲೇ ಇರುತ್ತ ಆರೈಕೆ ಪಡೆಯುವ ಜಾಗವನ್ನೂ ಮಾಡಿದ್ದಾರೆ. ಎಲ್ಲ ಬಿಟ್ಟು ಹೊರಟವರೂ ಒಂದು ವಿಳಾಸ ಇಟ್ಟುಕೊಂಡೇ ಹೊರಟಿದ್ದಾರೆ. ಮಾತಾಡುತ್ತ ಆಕೆ ಬಾಗಿಲು ಎಳೆದು ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಇಳಿಸಿದರು.

ನನಗೆ ಬೇಕಾಗಿದ್ದ ಉತ್ತರ ಸಿಕ್ಕಿತು. ಮಗ ಹೇಳಿದ್ದರಲ್ಲೂ ಓಡಾಟವಿತ್ತು, ಕಡಿಮೆ ಸಾಮಾನಿತ್ತು. ಇಲ್ಲದ್ದು ಬೀಗದ ಕೈ. ಮೂರು ಮನೆಯ ಬಾಗಿಲೂ ನನಗೆ ತೆರೆದೇ ಇರುತ್ತವೆ, ನಿಜ. ಆದರೆ ಒಂದನ್ನೂ ನಾನಾಗಿ ಹಾಕಿಕೊಳ್ಳಲಾಗದು.

ರಾತ್ರಿ ಮಗನಿಗೆ ಫೋನ್ ಮಾಡಿದೆ. "ಮೂವರ ಮನೆಗೂ ಬರ್ತೀನಪ್ಪ, ಮನಸ್ಸು ಬಂದಾಗ, ಬೇಕಾದಷ್ಟು ದಿನ. ಮನೆ ಮಾರೋದು ಬೇಡ. ಮುಂದಿನ ಭಾಗ ಬಾಡಿಗೆಗೆ ಕೊಡೋಣ. ಹಿಂದಿನ ಕೋಣೆ, ಅಡುಗೆಮನೆ ನನಗಿರಲಿ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೊಂದು ಪಾತ್ರೆ ಎರಡು ಕೋಣೆಯಲ್ಲಿ ಹಿಡಿಯುತ್ತಾ?" ಎಂದ.

ಹಿಡಿಯಲಿಲ್ಲ. ತುಮಕೂರಿಗೆ ಬಂದ ಮೇಲೆ ಹಂಡೆಯನ್ನು ತಂಗಿಗೆ ಕೊಟ್ಟೆ, ಸ್ಟೀಲ್ ಪಾತ್ರೆಗಳನ್ನು ಮನೆಗೆಲಸದವಳ ಮಗಳ ಮದುವೆಗೆ. ಒಂದು ಬಾಣಲೆ, ಎರಡು ಪಾತ್ರೆ, ನಾಲ್ಕು ತಟ್ಟೆ ಉಳಿಸಿಕೊಂಡೆ. ಭರಣಿ ಕೊಡಲು ಮನಸ್ಸಾಗಲಿಲ್ಲ. ಒರಳುಕಲ್ಲು ಹಿತ್ತಲಲ್ಲೇ ಇದೆ.