ಸೇವೆಗೆ ನಿವೃತ್ತಿಯುಂಟೆ? ಫ. ಗು. ಹಳಕಟ್ಟಿಯವರ ಕಾಯಕವೂ ಸಮಾಜದ ಋಣವೂ

ಸರಕಾರದ ನೌಕರಿಗೆ ನಿವೃತ್ತಿಯುಂಟು. ವ್ಯಾಪಾರಕ್ಕೂ ವಕೀಲಿಗೂ ನಿವೃತ್ತಿಯುಂಟು. ಆದರೆ ಸಮಾಜದ ಭಾರವನ್ನು ತಾನಾಗಿಯೇ ಹೆಗಲಿಗೇರಿಸಿಕೊಂಡವನಿಗೆ ನಿವೃತ್ತಿಯನ್ನು ಕೊಡತಕ್ಕವರು ಯಾರು? ವೃದ್ಧಾಪ್ಯದಲ್ಲಿ ಅಂಥವನಿಗೆ ಶಾಲು ಹೊದಿಸಿ, ಮಾಲೆ ಹಾಕಿ, ಮಾನಪತ್ರವನ್ನೋದಿ ಬೀಳ್ಕೊಡುವದು ಲೋಕದ ರೂಢಿ. ಅದು ಒಳ್ಳೆಯ ರೂಢಿಯೇ ಸರಿ. ಆದರೆ ಆ ಹೆಗಲಿನ ಭಾರವನ್ನು ಹೊರಲು ಬೇರೊಂದು ಹೆಗಲು ಮುಂದೆ ಬಾರದಿದ್ದರೆ ಸನ್ಮಾನವು ಅರ್ಧವಾಗಿಯೇ ಉಳಿಯುವದು. ಈ ಮಾತಿಗೆ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಚರಿತ್ರೆಯು ಉಜ್ವಲವಾದ ನಿದರ್ಶನವಾಗಿದೆ.

ಹಳಕಟ್ಟಿಯವರು ಇ. ಸ. 1880ನೆಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ಇವರ ತಂದೆ ಗುರುಬಸಪ್ಪನವರು ಶಿಕ್ಷಕರು, ಸಾಹಿತ್ಯಾಭಿಮಾನಿಗಳು. ಮುಂಬಯಿಯಲ್ಲಿ ಉಚ್ಚ ಶಿಕ್ಷಣವನ್ನು ಪೂರೈಸಿ, 1904ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದು, ಬಿಜಾಪುರದಲ್ಲಿ ವಕೀಲಿಯನ್ನು ಕೈಕೊಂಡರು. 2014ರಿಂದ ವಿಜಯಪುರವೆಂಬ ಹೆಸರನ್ನು ತಾಳಿರುವ ಆ ಪಟ್ಟಣದ ಸುತ್ತಣ ಸೀಮೆಯು ಅಂದು ಮಳೆಯ ಕೊರತೆಗೂ ಬರಗಾಲಕ್ಕೂ ಹೆಸರಾಗಿದ್ದಿತು. ಅಲ್ಲಿಯ ಒಕ್ಕಲುಮಕ್ಕಳಿಗೆ ವಿದ್ಯೆಯು ದುರ್ಲಭ. ಸಾಲವು ಮಾತ್ರ ಸುಲಭ. ನ್ಯಾಯಾಲಯದಲ್ಲಿ ಕಕ್ಷಿಗಾರರ ಕಷ್ಟಗಳನ್ನು ದಿನವೂ ಕೇಳುವ ವಕೀಲನಿಗೆ ಇದು ಬೇಗನೆ ತಿಳಿಯುವ ಸಂಗತಿ. ಕೇಳಿದುದನ್ನು ಕೇಳಿ ಬಿಟ್ಟುಬಿಡದೆ, 1910ರಲ್ಲಿ ಬಿಜಾಪುರ ಲಿಂಗಾಯತ ವಿದ್ಯಾಸಂಸ್ಥೆಯ ಸ್ಥಾಪನೆಗೂ, 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಇವರು ಕಾರಣಪುರುಷರಾದರು. ಒಂದು ಅಜ್ಞಾನಕ್ಕೆ ಮದ್ದು. ಮತ್ತೊಂದು ಬಡ್ಡಿಯ ಬಾಧೆಗೆ ಮದ್ದು.

ಆದರೆ ಹಳಕಟ್ಟಿಯವರ ಹೆಸರನ್ನು ಚಿರಸ್ಥಾಯಿಯಾಗಿಸಿದ ಕಾಯಕವು ಬೇರೆ. ಹನ್ನೆರಡನೆಯ ಶತಮಾನದ ಶರಣರ ವಚನಗಳು ಅಂದು ಮಠಗಳ ಭಂಡಾರಗಳಲ್ಲಿಯೂ ಭಕ್ತರ ಮನೆಗಳ ಜಗಲಿಗಳ ಮೇಲೆಯೂ ತಾಡವೋಲೆಯ ಕಟ್ಟುಗಳಾಗಿ ಕುಳಿತಿದ್ದವು. ವಸ್ತ್ರದಲ್ಲಿ ಸುತ್ತಿಟ್ಟ ಆ ಕಟ್ಟುಗಳಿಗೆ ವಿಭೂತಿ ಪತ್ರೆಗಳ ಪೂಜೆಯು ಸಲ್ಲುತ್ತಿದ್ದಿತೇ ಹೊರತು ಬಿಚ್ಚಿ ಓದುವವರು ವಿರಳರಾಗಿದ್ದರು. ಪೂಜೆಯಿಂದ ಗೆದ್ದಲು ದೂರವಾಗುವದಿಲ್ಲ. ರಬಕವಿ ಬನಹಟ್ಟಿಗಳ ಕಡೆಯಲ್ಲಿ ಇಂಥ ಓಲೆಗಳನ್ನು ಕಂಡ ತರುಣ ಹಳಕಟ್ಟಿಯವರು ಅಂದಿನಿಂದ ಅವುಗಳ ಬೆನ್ನು ಹತ್ತಿದರು.

ಈ ಕೆಲಸದ ಶ್ರಮವು ಹೊರಗಿನವರಿಗೆ ಕಾಣುವಂಥದಲ್ಲ. ಮೊದಲು ಓಲೆಯಿದ್ದ ಮನೆಯನ್ನು ಹುಡುಕಬೇಕು. ದೇವರ ವಸ್ತುವೆಂದು ಹಿಂಜರಿಯುವ ಯಜಮಾನನ ಮನಸ್ಸನ್ನೊಲಿಸಬೇಕು. ಅನಂತರ ಹಳೆಯ ಲಿಪಿಯನ್ನೋದಿ ಕಾಗದಕ್ಕೆ ನಕಲಿಳಿಸಬೇಕು. ಒಂದೇ ವಚನವು ಹಲವು ಕಟ್ಟುಗಳಲ್ಲಿ ಹಲವು ಬಗೆಯಾಗಿ ಕಂಡಾಗ ಪಾಠಗಳನ್ನು ಹೋಲಿಸಿ ಶುದ್ಧವಾದುದನ್ನು ನಿರ್ಣಯಿಸಬೇಕು. ವಚನದ ಅಂಕಿತವನ್ನು ಗುರುತಿಸಿ ಅದರ ಕರ್ತೃವನ್ನು ನಿಶ್ಚಯಿಸಬೇಕು. ಹೀಗೆ ಸಂಗ್ರಹಿಸಿದ ವಚನಗಳನ್ನು ವಿಷಯಾನುಸಾರವಾಗಿ ಹೊಂದಿಸಿ, 1923ರಲ್ಲಿ ಇವರು 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಬಸವಾದಿ ಪ್ರಮಥರ ಅನುಭಾವವು ಮಠದ ಹೊಸ್ತಿಲನ್ನು ದಾಟಿ ಓದು ಬಲ್ಲ ಸಮಸ್ತರ ಕೈಗೂ ದೊರೆಯುವಂತಾದುದು ಕನ್ನಡ ನಾಡಿನ ಚರಿತ್ರೆಯಲ್ಲಿ ಸಾಮಾನ್ಯವಾದ ಘಟನೆಯಲ್ಲ.

ಪರರ ಮುದ್ರಣಾಲಯಗಳನ್ನೇ ನಂಬಿದರೆ ಈ ಕಾರ್ಯವು ಸಾಗಲಾರದೆಂದು ಕಂಡುಬಂದಾಗ, ಹಳಕಟ್ಟಿಯವರು ತಮ್ಮ ಸ್ವಂತ ಮನೆಯನ್ನೇ ಮಾರಿ, 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷವೇ 'ಶಿವಾನುಭವ' ಪತ್ರಿಕೆಯೂ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆಯೂ ಹೊರಟವು. ವಚನಗಳು, ಹರಿಹರನ ರಗಳೆಗಳು, ಶಿವಶರಣ ಶರಣೆಯರ ಚರಿತ್ರೆಗಳು ಇವರ ಪ್ರಯತ್ನದಿಂದ ಒಂದೊಂದಾಗಿ ಬೆಳಕು ಕಂಡವು. ವಕೀಲಿಯ ಸಂಪಾದನೆಯು ಅಚ್ಚಿನ ಮೊಳೆಗಳಾಗಿ ಕರಗಿತು. ಕ್ರಮೇಣ ವಕೀಲಿಯೂ ಹಿಂದಾಯಿತು. ಲೋಕವು ಲಾಭವೆನ್ನುವ ವೃತ್ತಿಯಿಂದ ಇವರು ನಿವೃತ್ತರಾದದ್ದು ವಿಶ್ರಾಂತಿಗಾಗಿ ಅಲ್ಲ, ಇಮ್ಮಡಿಯಾದ ದುಡಿಮೆಗಾಗಿ.

ಸನ್ಮಾನಗಳು ಬಾರದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನವು ಇವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನು ಅರ್ಪಿಸಿತು. ಜನರು ಪ್ರೀತಿಯಿಂದ 'ವಚನ ಪಿತಾಮಹ'ರೆಂದು ಕರೆದರು. ಪದವಿಯು ಬರುವ ವೇಳೆಗೆ ಇವರ ವಯಸ್ಸು ಎಪ್ಪತ್ತಾರು. 1964ನೆಯ ಜೂನ್ 29ರಂದು ಇವರು ಲಿಂಗೈಕ್ಯರಾದರು.

ಇಲ್ಲಿ ಭಕ್ತರು ವಿಚಾರಿಸಬೇಕಾದ ಸಂಗತಿಯೊಂದುಂಟು. ಇವರ ಕಾರ್ಯಗಳಲ್ಲಿ ಯಾವುದಕ್ಕೆ ಬೇರೆ ಹೆಗಲುಗಳು ದೊರೆತವೋ ಅದು ಬೆಳೆಯಿತು. ವಿದ್ಯಾಸಂಸ್ಥೆಯನ್ನು ಬಂಥನಾಳದ ಸಂಗನಬಸವ ಶಿವಯೋಗಿಗಳೇ ಮೊದಲಾದವರು ಕೈಹಿಡಿದು ನಡೆಸಿದರು. ಆ ಸಸಿಯು ಇಂದು ವಿಶ್ವವಿದ್ಯಾಲಯದ ಪದವಿಗೇರಿದ ಹೆಮ್ಮರವಾಗಿದೆ. ವಚನಸಂಶೋಧನೆಯನ್ನು ಮುಂದಿನ ವಿದ್ವಾಂಸರು ತಮ್ಮದೆಂದು ಬಗೆದುದರಿಂದ, 1993ರಲ್ಲಿ ಕರ್ನಾಟಕ ಸರಕಾರದ ಮುಖಾಂತರ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವು 15 ಸಂಪುಟಗಳಾಗಿ ಹೊರಬಂದಿತು. ಆದರೆ ತಾವೊಬ್ಬರೇ ಹೊತ್ತ 'ಶಿವಾನುಭವ'ವು ಸುಮಾರು ಮೂವತ್ತೈದು ವರ್ಷ ನಡೆದು, ಒಡೆಯನ ಮುಪ್ಪಿನೊಡನೆ ನಿಂತುಹೋಯಿತು. ಸನ್ಮಾನಿಸಲು ಸಾವಿರ ಕೈಗಳು ಮೇಲೆದ್ದವು. ಪತ್ರಿಕೆಯ ಹೊರೆಯನ್ನು ಹೊರುವಷ್ಟು ಕೈಗಳು ಕೂಡಲಿಲ್ಲ.

ಸೇವೆಯಿಂದ ನಿವೃತ್ತರಾಗುವ ಹಿರಿಯರು ಪ್ರತಿ ಊರಿನಲ್ಲಿಯೂ, ಪ್ರತಿ ಮಠದ ಆಶ್ರಯದಲ್ಲಿಯೂ ಇದ್ದಾರೆ: ಪ್ರಸಾದನಿಲಯದ ಲೆಕ್ಕವನ್ನು ನಲವತ್ತು ವರ್ಷ ಬರೆದವರು, ಪಾಠಶಾಲೆಗಾಗಿ ಜೋಳಿಗೆ ಹಿಡಿದು ಮನೆಮನೆ ತಿರುಗಿದವರು. ಅವರ ಕೊರಳಿಗೆ ಮಾಲೆ ಬೀಳಲಿ; ಅದು ಯೋಗ್ಯವೇ. ಆದರೆ ಮಾಲೆ ಹಾಕಿದ ಕೈಯು ಅವರ ಕೈಯಲ್ಲಿಯ ಲೆಕ್ಕದ ಪುಸ್ತಕವನ್ನು, ಜೋಳಿಗೆಯನ್ನು ಇಸಿದುಕೊಂಡಾಗಲೇ ದಾಸೋಹವು ಮುಂದುವರಿಯುವದು. ಜಗಲಿಯ ಮೇಲಿನ ಓಲೆಗೆ ಬರಿಯ ಪೂಜೆ ಸಾಲದೆಂದು ಹಳಕಟ್ಟಿಯವರು ತೋರಿಸಿಕೊಟ್ಟರು. ಸೇವಾಪುರುಷರ ವಿಷಯದಲ್ಲಿಯೂ ಇದೇ ನ್ಯಾಯ ಸಲ್ಲುವದು. ಹಿರಿಯರ ಭಾರವನ್ನು ಕಿರಿಯರು ಸಂತೋಷದಿಂದ ಹೊರುವ ಬುದ್ಧಿಯನ್ನು ಶ್ರೀ ಗುರುವು ಸರ್ವರಿಗೂ ಕರುಣಿಸಲಿ.