ದ್ವೀಪವೃಕ್ಷಗಳ ವರ್ಗೀಕರಣದಲ್ಲಿ ದಾರುರಚನೆಯ ಸಾಕ್ಷ್ಯ

ಸಸ್ಯಗಳನ್ನು ವರ್ಗೀಕರಿಸುವಾಗ ಹೂವಿನ ಲಕ್ಷಣಗಳಿಗೆ ಪ್ರಾಧಾನ್ಯ ಕೊಡುವುದು ಲಿನೇಯಸನ ಕಾಲದಿಂದ ಬಂದ ಪದ್ಧತಿ. ಆದರೆ ಕೆಲವು ವೃಕ್ಷಗಳ ವಿಷಯದಲ್ಲಿ ಈ ಸಾಕ್ಷ್ಯವೊಂದೇ ಸಾಲದು. ಅಂತಹ ಕಡೆ ಕಾಂಡದ ಒಳರಚನೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಕನ್ನಡಿಗರೊಬ್ಬರ ಸಂಶೋಧನೆಯ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ಆನೆಕೊಂಡದ ಯಾವುದೇ ಬೇವಿನ ರೆಂಬೆಯನ್ನು ಅಡ್ಡಲಾಗಿ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದಾರುವಿನಲ್ಲಿ ದುಂಡನೆಯ ರಂಧ್ರಗಳು ಕಾಣುತ್ತವೆ. ಇವೇ ನಾಳಗಳು. ತುದಿಗೋಡೆ ತೆರೆದ ಕೋಶಗಳು ಒಂದರ ಮೇಲೊಂದು ಸೇರಿ ಇವು ಉಂಟಾಗುತ್ತವೆ. ಪೈನ್ ಮರದಲ್ಲಿ ನಾಳಗಳಿಲ್ಲ. ಅಲ್ಲಿ ನೀರು ಟ್ರಕೀಡ್ ಎಂಬ ತುದಿಮುಚ್ಚಿದ ಕೋಶಗಳ ಗೋಡೆಯ ಕುಳಿಗಳನ್ನು ಹಾಯ್ದೇ ಸಾಗಬೇಕು. ಹೂಬಿಡುವ ಸಸ್ಯಗಳಲ್ಲಿ ನಾಳರಹಿತವಾದವು ಅತಿ ವಿರಳ.

ಈ ಭೇದದ ಮಹತ್ತ್ವವನ್ನು ಎತ್ತಿತೋರಿದವರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅರ್ವಿಂಗ್ ಬೈಲಿ ಪ್ರಮುಖರು. 1942ರಲ್ಲಿ ಅವರೂ ಎ. ಸಿ. ಸ್ಮಿತ್ ಅವರೂ ಫಿಜಿ ದ್ವೀಪದ ಡಿಜನೇರಿಯ ಎಂಬ ಮರಕ್ಕೆ ಹೊಸ ಕುಟುಂಬವನ್ನೇ ಕಲ್ಪಿಸಿದರು. ಮುಂದೆ ಬೈಲಿಯವರೊಡನೆ ಕೆಲಸಮಾಡಿದವರು ಬಿ. ಜಿ. ಎಲ್. ಸ್ವಾಮಿ. ಕನ್ನಡ ಓದುಗರಿಗೆ ಅವರು ‘ಹಸುರು ಹೊನ್ನು’ ಗ್ರಂಥದ ಕರ್ತೃವಾಗಿ ಪರಿಚಿತರು. 1949ರಲ್ಲಿ ಅವರು ಡಿಜನೇರಿಯದ ಜೀವನಚರಿತ್ರೆಯನ್ನು ಇನ್ನಷ್ಟು ವಿಶದಪಡಿಸಿದರು. ದ್ವಿದಳ ಸಸ್ಯಗಳ ನಡುವೆ ನಿಲ್ಲುವ ಈ ಮರದ ಭ್ರೂಣಕ್ಕೆ ಬೀಜದಳಗಳು ಎರಡಲ್ಲ, ಮೂರು ಅಥವಾ ನಾಲ್ಕು!

ನ್ಯೂ ಕ್ಯಾಲೆಡೋನಿಯ ದ್ವೀಪದ ಅಂಬೊರೆಲ್ಲದ ಪ್ರಸಂಗ ಇನ್ನೂ ಬೋಧಪ್ರದ. ಈ ಕಿರುಮರವನ್ನು ಮೊನಿಮಿಯೇಸೀ ಕುಟುಂಬದಲ್ಲಿ ಸೇರಿಸುವ ರೂಢಿಯಿತ್ತು. ಇದರ ದಾರುವಿನಲ್ಲಿ ನಾಳಗಳಿಲ್ಲ, ಟ್ರಕೀಡುಗಳು ಮಾತ್ರ ಇವೆ. ಇದು ನಾಳರಹಿತ ದ್ವಿದಳಗಳಲ್ಲಿಯೇ ಹೊಸದೊಂದು ಮಾದರಿ ಎಂದು ಬೈಲಿ ಮತ್ತು ಸ್ವಾಮಿ 1948ರಲ್ಲಿ ಪ್ರಕಟಿಸಿದರು. ಅದೇ ವರ್ಷ ಪಿಶೋನ್ ಇದಕ್ಕೆ ಪ್ರತ್ಯೇಕ ಕುಟುಂಬದ ಸ್ಥಾನವಿತ್ತರು. 1999ರಲ್ಲಿ ಡಿ.ಎನ್.ಎ. ಪರಿಶೀಲನೆಗಳು ಅಂಬೊರೆಲ್ಲವನ್ನು ಉಳಿದೆಲ್ಲ ಹೂಸಸ್ಯಗಳಿಂದ ಮೊದಲು ಕವಲೊಡೆದ ವಂಶವೆಂದು ತೋರಿಸಿದಾಗ ಈ ಪ್ರತ್ಯೇಕತೆಗೆ ಬಲವಾದ ಆಧಾರ ದೊರೆಯಿತು.

ಆದರೆ ಒಂದೇ ಲಕ್ಷಣದ ಮೇಲೆ ಭಾರ ಹಾಕುವುದು ಅಪಾಯಕರ. 1950ರಲ್ಲಿ ಸ್ವಾಮಿ ಮತ್ತು ಬೈಲಿ ಸಾರ್ಕಾಂಡ್ರ ಎಂಬ ಏಷ್ಯದ ಪೊದೆಯನ್ನೂ ನಾಳರಹಿತವೆಂದು ಸಾರಿದ್ದರು. ಅದರ ಒಂದು ಪ್ರಭೇದಕ್ಕೆ ಸ್ವಾಮಿ ಬೈಲಿಯವರ ಹೆಸರನ್ನೇ ಇಟ್ಟರು. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಅದರ ಬೇರಿನ ದಾರುವಿನಲ್ಲಿ ನಾಳಗಳನ್ನು ಗುರುತಿಸಿದರು. ಕಾಂಡವನ್ನು ನೋಡಿ ಇಡೀ ಸಸ್ಯದ ವಿಷಯವಾಗಿ ತೀರ್ಪು ಕೊಡಲಾಗದೆಂಬುದು ಇದರಿಂದ ಸ್ಪಷ್ಟವಾಯಿತು. ಅಂಬೊರೆಲ್ಲದ ನಾಳರಾಹಿತ್ಯವೂ ಮೂಲದಿಂದ ಬಂದದ್ದೋ, ಮುಂದೆ ನಾಳಗಳು ಲೋಪವಾದುದರಿಂದ ಒದಗಿದ್ದೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಒಂದು ನಿರ್ಣಯ ಅರ್ಧಶತಮಾನದ ಬಳಿಕ ಸಮರ್ಥಿತವಾಯಿತು. ಇನ್ನೊಂದು ತಿದ್ದುಪಡಿಗೆ ಒಳಗಾಯಿತು. ಎರಡಕ್ಕೂ ಸಾಧನ ಒಂದೇ: ತೆಳುವಾದ ಕೊಯ್ತ, ತಾಳ್ಮೆಯ ಕಣ್ಣು. ದಾರು, ಪರಾಗ, ಹೂವು, ಭ್ರೂಣ ಇವುಗಳ ಸಾಕ್ಷ್ಯವನ್ನು ಒಟ್ಟಿಗೆ ತೂಗಿ, ಮತ್ತೆ ಮತ್ತೆ ಪರೀಕ್ಷಿಸುವ ಶಿಸ್ತನ್ನು ನಮ್ಮ ವಿದ್ಯಾರ್ಥಿಗಳು ಮನೆಯಂಗಳದ ಬೇವಿನಿಂದಲೇ ಆರಂಭಿಸಬಹುದು.