ತಡವಾಗಿ ಬಂದ ವಾದ್ಯ

ನನ್ನ ತವರುಮನೆಯ ಅಟ್ಟದ ಮೇಲೆ ಒಂದು ವೀಣೆ ಇದೆ. ವರ್ಷಕ್ಕೊಮ್ಮೆ, ಸರಸ್ವತಿ ಪೂಜೆಯ ದಿನ, ಅದನ್ನು ಕೆಳಗಿಳಿಸುತ್ತಾರೆ. ಹೊದಿಸಿದ ಹಳೆಯ ಪಂಚೆ ಬಿಚ್ಚಿ, ಧೂಳು ಒರೆಸಿ, ಮಕ್ಕಳ ಪುಸ್ತಕಗಳ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿ ಹೂವೇರಿಸುತ್ತಾರೆ. ವಿಜಯದಶಮಿ ಕಳೆದ ಮೇಲೆ ಅದು ಮತ್ತೆ ಅಟ್ಟ ಸೇರುತ್ತದೆ. ನುಡಿಸುವ ಮಾತನ್ನು ಯಾರೂ ಎತ್ತುವುದಿಲ್ಲ.

ಅದು ನಮ್ಮ ಚಿಕ್ಕಮ್ಮನ ವೀಣೆ. 1979ರಲ್ಲಿ ಚಿಕ್ಕಪ್ಪ ತೀರಿಕೊಂಡಾಗ ಅವಳಿಗೆ ಮೂವತ್ತು ವರ್ಷ. ಎರಡು ಮಕ್ಕಳು, ಒಂದು ಟ್ರಂಕು, ಈ ವೀಣೆ, ಇಷ್ಟರೊಂದಿಗೆ ನಮ್ಮ ಮನೆಗೆ ಬಂದಳು. ನಾನಾಗ ನಾಲ್ಕನೇ ಕ್ಲಾಸಿನಲ್ಲಿದ್ದೆ. ನಮ್ಮದೇನೂ ಕಟುಕರ ಮನೆಯಲ್ಲ. ಚಿಕ್ಕಮ್ಮನನ್ನು ಯಾರೂ ಒಂದು ಮಾತು ಅಂದವರಲ್ಲ. ವೀಣೆ ನುಡಿಸಬೇಡ ಎಂದು ಯಾರೂ ಹೇಳಲಿಲ್ಲ. ನುಡಿಸು ಎಂದೂ ಯಾರೂ ಹೇಳಲಿಲ್ಲ. ಅಷ್ಟೇ ಸಾಕಾಯಿತು.

ಇದೆಲ್ಲ ನೆನಪಾದದ್ದು ಬೆಂಗಳೂರಿನಲ್ಲಿರುವ ನನ್ನ ಮಗಳಿಂದ. ಒಂದು ಭಾನುವಾರ ಮೊಬೈಲಿಗೆ ಒಂದು ಸಂಗೀತದ ಆಲ್ಬಂ ಕಳಿಸಿ, "ಅಮ್ಮಾ, ಇದನ್ನು ಕೇಳು, ಜಾಸ್ ಅಂತ ಹೆದರಬೇಡ" ಎಂದಳು. ಜಾಸ್ ಎಂದರೆ ಹಳೆಯ ಹಿಂದಿ ಸಿನಿಮಾಗಳ ಕ್ಲಬ್ಬಿನಲ್ಲಿ ಖಳನಾಯಕ ಕುಳಿತಿರುವಾಗ ಹಿಂದಿನಿಂದ ಬರುವ ತುತ್ತೂರಿ ಎಂದೇ ನಾನು ತಿಳಿದಿದ್ದೆ. ಹೆಸರು ನೋಡಿದರೆ 'ಜರ್ನಿ ಇನ್ ಸಚ್ಚಿದಾನಂದ'! ಬಾಜಿಸಿದವಳು ಆಲಿಸ್ ಕೋಲ್ಟ್ರೇನ್ ಎಂಬ ಅಮೆರಿಕದ ಕಪ್ಪು ಹೆಂಗಸು.

ಒಲೆಯ ಮೇಲೆ ಹಾಲಿಟ್ಟು ಕೇಳತೊಡಗಿದೆ. ಮೊದಲು ತಂಬೂರಿ. ನಮ್ಮದೇ ತಂಬೂರಿ, ಅನುಮಾನವೇ ಇಲ್ಲ. ಅದರ ಮೇಲೆ ದಪ್ಪ ತಂತಿಯ ಬಾಸ್ ವಾದ್ಯವೊಂದು ಅದೇ ಕೆಲವು ಸ್ವರಗಳ ಸುತ್ತ ತಿರುಗುತ್ತದೆ. ಬೆಳಗಿನ ಜಾವದಲ್ಲಿ ಅಜ್ಜಿ ಬೀಸುತ್ತಿದ್ದ ಕಲ್ಲಿನ ಹಾಗೆ ಅವಸರವಿಲ್ಲ, ಬೇಸರವೂ ಇಲ್ಲ. ಆಮೇಲೆ ಯಾರೋ ಮೇಲಿನಿಂದ ನೀರು ಸುರಿದಂತೆ ಹಾರ್ಪ್ ಇಳಿದು ಬರುತ್ತದೆ. ಅಂಗಳದ ಕಲ್ಲಿನ ಮೇಲೆ ಬಿದ್ದ ನೀರು ಎಲ್ಲ ಕಡೆ ಹರಿದು, ಬಿಸಿಲಿಗೆ ಹೊಳೆದು, ಇಂಗಿಹೋದಂತೆ. ಕೊನೆಗೆ ಫರೋವಾ ಸ್ಯಾಂಡರ್ಸ್ ಅವರ ಸ್ಯಾಕ್ಸಫೋನ್. ನಮ್ಮ ದೇವಸ್ಥಾನದ ನಾಗಸ್ವರದವರು ಎದುರಿಗೆ ಬಂದರೆ ಇದನ್ನು ನೆಂಟನೆಂದೇ ಗುರುತಿಸಿಯಾರು. ಹಾಲು ಉಕ್ಕಿ ಒಲೆ ಆರಿದಾಗಲೇ ನನಗೆ ಎಚ್ಚರ.

ಹಾರ್ಪ್ ನನಗೆ ತೀರ ಅಪರಿಚಿತವಲ್ಲ. ಸಮುದ್ರಗುಪ್ತನ ಪಾಠ ಮಾಡುವಾಗ ಅವನು ವೀಣೆ ನುಡಿಸುತ್ತಿರುವ ಚಿನ್ನದ ನಾಣ್ಯದ ಚಿತ್ರವನ್ನು ಮಕ್ಕಳಿಗೆ ಪ್ರತಿವರ್ಷ ತೋರಿಸುತ್ತೇನೆ. ಅವನ ತೊಡೆಯ ಮೇಲಿರುವುದು ನಮ್ಮ ಇಂದಿನ ವೀಣೆಯಲ್ಲ, ಬಿಲ್ಲಿನಂತೆ ಬಾಗಿದ ವೀಣೆ. ಹಾರ್ಪಿನ ಕುಲದ್ದೇ. ಆ ಕಾಲದಲ್ಲಿ ನಾವು ವೀಣೆ ಎನ್ನುತ್ತಿದ್ದದ್ದು ಅದಕ್ಕೂ ಸಲ್ಲುತ್ತಿತ್ತು. ಹಾಗಾಗಿ ಆಲಿಸಳ ಕೈಯಲ್ಲಿದ್ದದ್ದೂ ವೀಣೆಯೇ ಎಂದುಕೊಂಡರೆ ತಪ್ಪಾಗಲಾರದು. ನಲವತ್ತೇಳು ತಂತಿಗಳು, ಏಳು ಪೆಡಲುಗಳು, ಆಳೆತ್ತರದ ವೀಣೆ.

ಅವಳ ಕಥೆ ತಿಳಿಯಬೇಕೆನಿಸಿತು. ಹುಟ್ಟಿದ್ದು 1937ರಲ್ಲಿ, ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟಿನಲ್ಲಿ. ಏಳನೆಯ ವಯಸ್ಸಿಗೆ ಪಿಯಾನೋ ಕಲಿಯತೊಡಗಿದಳು. ಚರ್ಚಿನಲ್ಲಿ ನುಡಿಸಿ ಕೈ ಪಳಗಿತು. ಪ್ಯಾರಿಸ್ಸಿಗೆ ಹೋಗಿ ಬಂದಳು. ಮೊದಲ ಮದುವೆ ಮುರಿದು, ಒಂದು ಹೆಣ್ಣುಮಗುವಿನೊಂದಿಗೆ ತವರೂರಿಗೆ ಮರಳಿದಳು. 1963ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೋಲ್ಟ್ರೇನ್ ಪರಿಚಯವಾದರು. ಸ್ಯಾಕ್ಸಫೋನಿನಲ್ಲಿ ಅವರ ಹೆಸರು ಆಗಲೇ ಬಹಳ ದೊಡ್ಡದು. ನಮ್ಮ ರವಿಶಂಕರ್ ಅವರ ಮೇಲೆ ಜಾನ್‌ಗೆ ಎಷ್ಟು ಗೌರವವಿತ್ತೆಂದರೆ 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದೇ ಹೆಸರಿಟ್ಟರು. ಅದೇ ವರ್ಷ ಇಬ್ಬರೂ ಮದುವೆಯಾದರು. ಮರುವರ್ಷ ಆಲಿಸ್ ಗಂಡನ ತಂಡದಲ್ಲಿ ಪಿಯಾನೋಗೆ ಕುಳಿತಳು. ಅವಳಿಗೆ ಮೊದಲು ಆ ಜಾಗದಲ್ಲಿದ್ದ ಮೆಕಾಯ್ ಟೈನರ್ ಹೆಸರಾಂತ ಕಲಾವಿದರು. ಹೆಂಡತಿ ಬಂದು ಕುಳಿತಳಲ್ಲ ಎಂದು ಗೊಣಗಿದವರು ಅಲ್ಲಿಯೂ ಇದ್ದರು. ಈ ಗೊಣಗಾಟಕ್ಕೆ ದೇಶಭಾಷೆಗಳ ಭೇದವಿಲ್ಲ.

1967ರ ಜುಲೈ 17ರಂದು ಯಕೃತ್ತಿನ ಕ್ಯಾನ್ಸರಿನಿಂದ ಜಾನ್ ತೀರಿಕೊಂಡರು. ಅವರಿಗೆ ನಲವತ್ತು, ಅವಳಿಗೆ ಇಪ್ಪತ್ತೊಂಬತ್ತು. ನಾಲ್ಕು ಮಕ್ಕಳು, ಕಿರಿಯದು ಇನ್ನೂ ಕೈಗೂಸು. ಜಾನ್ ಬದುಕಿದ್ದಾಗ ಮನೆಗೆಂದು ಒಂದು ಹಾರ್ಪ್ ಮಾಡಲು ಹೇಳಿದ್ದರು. ಅದು ಸಿದ್ಧವಾಗಿ ಬರುವ ಹೊತ್ತಿಗೆ ಅವರೇ ಇರಲಿಲ್ಲ.

ಈ ಮಾತನ್ನು ಓದಿ ನಾನು ಕನ್ನಡಕ ತೆಗೆದಿಟ್ಟೆ. ಹೊರಟುಹೋದವರು ಹೇಳಿಟ್ಟ ವಸ್ತು ಬಾಗಿಲಿಗೆ ಬಂದು ನಿಂತಾಗ ಹೆಂಗಸೊಬ್ಬಳು ಏನು ಮಾಡಬೇಕು? ವಾಪಸು ಕಳಿಸಬಹುದು. ಬಟ್ಟೆ ಹೊದಿಸಿ ಮೂಲೆಯಲ್ಲಿಡಬಹುದು. ಆಲಿಸ್ ಅದರ ಮುಂದೆ ಕುಳಿತಳು. ಪಿಯಾನೋ ಬಲ್ಲ ಬೆರಳುಗಳಿಗೆ ತಾನೇ ಹೊಸ ಪಾಠ ಹೇಳಿಕೊಂಡಳು. ನ್ಯೂಯಾರ್ಕ್ ಸಮೀಪದ ಡಿಕ್ಸ್ ಹಿಲ್ಸ್‌ನ ತಮ್ಮ ಮನೆಯಲ್ಲೇ ಧ್ವನಿಮುದ್ರಣದ ವ್ಯವಸ್ಥೆ ಇತ್ತು. 1968ರಲ್ಲಿ ಬಂದ ಅವಳ ಮೊದಲ ಆಲ್ಬಂ 'ಎ ಮೊನಾಸ್ಟಿಕ್ ಟ್ರಿಯೊ'ದ ಒಂದು ಬದಿಯಲ್ಲಿ ಪಿಯಾನೋ, ಇನ್ನೊಂದು ಬದಿಯಲ್ಲಿ ಹಾರ್ಪ್. ಹಾರ್ಪಿನ ಬದಿಯನ್ನು ಕೇಳಿದರೆ ಕತ್ತಲಲ್ಲಿ ಗೋಡೆ ಹಿಡಿದು ಸ್ವಿಚ್ಚು ಹುಡುಕುವ ಕೈ ಕಾಣುತ್ತದೆ. ದೀಪವಿನ್ನೂ ಹತ್ತಿಲ್ಲ, ಆದರೆ ಕೈ ನಿಂತಿಲ್ಲ.

1970ರ 'ಟಾ, ದಿ ಎಲ್ ದಾವುದ್' ಆಲ್ಬಮ್ಮಿನಲ್ಲಿ 'ತುರೀಯ ಅಂಡ್ ರಾಮಕೃಷ್ಣ' ಎಂಬ ರಚನೆ ಇದೆ. ಪಿಯಾನೋದಲ್ಲಿ ನಿಧಾನವಾಗಿ ನಡೆಯುವ ಬ್ಲೂಸ್. ಮನೆಮಂದಿಯೆಲ್ಲ ಮಲಗಿದ ಮೇಲೆ ಅಡುಗೆಮನೆ ತೊಳೆದು, ಹೊಸ್ತಿಲ ಮೇಲೆ ಒಂದು ಗಳಿಗೆ ಸುಮ್ಮನೆ ಕೂರುತ್ತೇವಲ್ಲ, ಆ ಹೊತ್ತಿನ ಸಂಗೀತ ಅದು. ದುಃಖವೆನ್ನಲು ಬಾರದು, ದಣಿವೆಂದರೂ ಪೂರ್ತಿಯಾಗದು.

ಆ ಹೊತ್ತಿಗೆ ಅವಳಿಗೆ ಕೊಯಮತ್ತೂರು ಸೀಮೆಯಲ್ಲಿ ಹುಟ್ಟಿ, ಶಿವಾನಂದರ ಶಿಷ್ಯರಾಗಿ ಅಮೆರಿಕದಲ್ಲಿ ನೆಲೆಸಿದ್ದ ಸ್ವಾಮಿ ಸಚ್ಚಿದಾನಂದರ ಸಂಪರ್ಕವಾಗಿತ್ತು. ನನಗೆ ಮಗಳು ಕಳಿಸಿದ ಆಲ್ಬಮ್ಮಿಗೆ ಅವರದೇ ಹೆಸರು. ಅದರ ಬಹುಭಾಗವನ್ನು 1970ರ ನವೆಂಬರಿನಲ್ಲಿ ಮನೆಯಲ್ಲೇ ಮುದ್ರಿಸಿ, ಅವಳು ಭಾರತಕ್ಕೆ ಹೊರಟಳು. 'ಸ್ಟಾಪ್‌ಓವರ್ ಬಾಂಬೆ' ಎಂಬ ಸಣ್ಣ ತುಣುಕು ಅದರಲ್ಲಿದೆ. ಇನ್ನೂ ನೋಡದ ಊರಿಗೆ ಮೊದಲೇ ರಾಗ ಕಟ್ಟಿದ ಆತುರ! ಪ್ರವಾಸಕ್ಕೆ ಹೊರಡುವ ಹಿಂದಿನ ರಾತ್ರಿ ನಿದ್ದೆಯಿಲ್ಲದೆ ಚೀಲ ತುಂಬುವ ನನ್ನ ಎಂಟನೇ ತರಗತಿಯ ಹುಡುಗಿಯರು ನೆನಪಾದರು.

ಎಲ್ಲ ಆಲ್ಬಮ್ಮುಗಳೂ ಹೀಗೆ ಹಿತವಲ್ಲ. 1971ರ 'ಯೂನಿವರ್ಸಲ್ ಕಾನ್ಷಿಯಸ್‌ನೆಸ್' ಕೇಳುವುದೆಂದರೆ ಜಾತ್ರೆಯಲ್ಲಿ ತೇರು ಕದಲುವ ಕ್ಷಣದಲ್ಲಿ ಸಿಕ್ಕಿಕೊಂಡಂತೆ. ಪಿಟೀಲುಗಳ ಕಿರುಚಾಟ, ಆರ್ಗನ್ನಿನ ಸುಳಿ, ನಡುವೆ 'ಹರೇ ಕೃಷ್ಣ', 'ಸೀತಾ ರಾಮ್' ಎಂಬ ರಚನೆಗಳು. ಅರ್ಧಕ್ಕೇ ನಿಲ್ಲಿಸಿ, ಸಂಜೆ ಮತ್ತೆ ಹಾಕಿದೆ. ಗುಂಪಿನಲ್ಲಿ ನೂಕಿಸಿಕೊಂಡವರಿಗೇ ತೇರಿನ ದರ್ಶನವಾಗುವುದು ಎಂಬುದೂ ನಿಜವಷ್ಟೆ.

1972ರಲ್ಲಿ ಗಂಡನ ಹಳೆಯ ಧ್ವನಿಮುದ್ರಣಗಳಿಗೆ ತನ್ನ ಹಾರ್ಪ್ ಮತ್ತು ಪಿಟೀಲುಗಳನ್ನು ಸೇರಿಸಿ 'ಇನ್ಫಿನಿಟಿ' ಹೊರತಂದಾಗ ವಿಮರ್ಶಕರು ಹರಿಹಾಯ್ದರು. ಮಹಾನ್ ಕಲಾವಿದನ ಕೆಲಸ ಮುಟ್ಟಲು ಇವಳಾರು ಎಂಬ ಧಾಟಿ. ಮುಟ್ಟಬಾರದಿತ್ತೆಂಬ ವಾದದಲ್ಲಿ ಹುರುಳಿರಬಹುದು. ಆದರೆ ಅದೇ ತಂಡದಲ್ಲಿ ಅವರ ಪಕ್ಕದಲ್ಲೇ ಕುಳಿತು ನುಡಿಸಿದವಳು ಅವಳೆಂಬುದು ಎಷ್ಟು ಬೇಗ ಮರೆತುಹೋಯಿತು!

ಅದೇ ವರ್ಷ ಅವಳು ಕ್ಯಾಲಿಫೋರ್ನಿಯಾಕ್ಕೆ ಹೋದಳು. 1975ರಲ್ಲಿ ವೇದಾಂತ ಕೇಂದ್ರವೊಂದನ್ನು ಸ್ಥಾಪಿಸಿದಳು. ಕಾವಿ ಉಟ್ಟಳು. ಹೆಸರು ತುರೀಯಸಂಗೀತಾನಂದ ಎಂದಾಯಿತು. ಎಚ್ಚರ, ಕನಸು, ನಿದ್ದೆ ಮೂರನ್ನೂ ದಾಟಿದ್ದು ತುರೀಯ. ಮುಂದೆ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರ ಭಕ್ತೆಯೂ ಆದಳು. 1982ರಲ್ಲಿ ದೊಡ್ಡ ಮಗ ಕಾರು ಅಪಘಾತದಲ್ಲಿ ತೀರಿಕೊಂಡ. ಒಬ್ಬ ತಾಯಿಗೆ ಇನ್ನೆಷ್ಟು ಪರೀಕ್ಷೆ!

ಆ ವರ್ಷವೇ 'ತುರೀಯ ಸಿಂಗ್ಸ್' ಎಂಬ ಕ್ಯಾಸೆಟ್ ಬಂತು. ಅಷ್ಟು ವರ್ಷ ಬೆರಳಲ್ಲೇ ಮಾತಾಡಿದವಳು ಅದರಲ್ಲಿ ಮೊದಲ ಸಲ ಬಾಯಿಬಿಟ್ಟು ಹಾಡಿದಳು. ಹಾಡಿದ್ದು ಸಂಸ್ಕೃತದ ನಾಮಾವಳಿಗಳನ್ನು: ಜಗದೀಶ್ವರ, ಗೋವಿಂದ ಹರಿ, ರಾಮಕಥಾ. ಅಂಗಡಿಗಳಿಗೆಂದು ಮಾಡಿದ್ದಲ್ಲ, ತನ್ನ ಆಶ್ರಮದವರಿಗೆಂದು ಮಾಡಿದ್ದು. ತಗ್ಗಿನ ದನಿ, ಉಚ್ಚಾರ ನಮ್ಮದಲ್ಲ. ಹಿಂದೆ ಸಿಂಥಸೈಜರ್ ಮಂಜಿನಂತೆ ಮೇಲೇಳುತ್ತದೆ. ಬೆಳಿಗ್ಗೆ ಐದಕ್ಕೆ ದೇವಸ್ಥಾನದ ಬಾಗಿಲು ತೆರೆದಾಗ ಒಳಗಿನ ತಂಪು ಮುಖಕ್ಕೆ ತಾಗುತ್ತದಲ್ಲ, ಹಾಗೆ. 1990ರ 'ಇನ್ಫಿನಿಟ್ ಚಾಂಟ್ಸ್' ಇದಕ್ಕೆ ತದ್ವಿರುದ್ಧ. ಕರಿಯರ ಚರ್ಚಿನ ಚಪ್ಪಾಳೆ ನಮ್ಮ ಭಜನೆಯ ತಾಳಕ್ಕೆ ಕೂಡಿಕೊಳ್ಳುತ್ತದೆ. ಡೆಟ್ರಾಯಿಟಿನ ಚರ್ಚಿನಲ್ಲಿ ಕಲಿತದ್ದನ್ನು ಅವಳು ಬಿಟ್ಟುಕೊಡಲಿಲ್ಲ, ಹೊಸ ದೇವರ ಮುಂದೆಯೂ ಅದನ್ನೇ ನೈವೇದ್ಯಕ್ಕಿಟ್ಟಳು.

2004ರಲ್ಲಿ ಮಗ ರವಿ ಒತ್ತಾಸೆಯಾಗಿ ನಿಂತು 'ಟ್ರಾನ್ಸ್‌ಲೀನಿಯರ್ ಲೈಟ್' ಮಾಡಿಸಿದ. 2007ರ ಜನವರಿ 12ರಂದು ಅವಳು ತೀರಿಕೊಂಡಳು. ಆಶ್ರಮದ ಕ್ಯಾಸೆಟ್ಟುಗಳ ಆಯ್ದ ಭಾಗ 2017ರಲ್ಲಿ ಹೊರಬಂದ ಮೇಲೆ ಮೊಮ್ಮಕ್ಕಳ ವಯಸ್ಸಿನವರು ಅವನ್ನು ಹುಡುಕಿ ಕೇಳತೊಡಗಿದರು. 2018ರ ನವೆಂಬರಿನ ಕಾಡ್ಗಿಚ್ಚಿನಲ್ಲಿ ಆಶ್ರಮದ ಕಟ್ಟಡ ಸುಟ್ಟುಹೋಯಿತು. ದನಿ ಉಳಿಯಿತು.

ಕಳೆದ ನವರಾತ್ರಿಗೆ ತವರಿಗೆ ಹೋದಾಗ ಇದನ್ನು ಚಿಕ್ಕಮ್ಮನಿಗೆ ಕೇಳಿಸಿದೆ. ಅವಳಿಗೀಗ ಎಪ್ಪತ್ತೈದು ದಾಟಿದೆ. ಬತ್ತಿ ಹೊಸೆಯುತ್ತಾ ಕುಳಿತಿದ್ದಳು. ಹಾರ್ಪ್ ಶುರುವಾದಾಗ ಕೈ ನಿಂತಿತು.

"ಇದು ವೀಣೆಯಲ್ಲ, ಆದರೆ ಶ್ರುತಿ ಚೆನ್ನಾಗಿದೆ" ಎಂದಳು.

ನಾನು ಕಥೆ ಹೇಳಿದೆ. ಪೂರ್ತಿ ಕೇಳಿ, "ಮಕ್ಕಳೆಷ್ಟು ಅಂದೆ?" ಎಂದಳು.

"ನಾಲ್ಕು."

"ಮತ್ತೆ ಹೊತ್ತು ಎಲ್ಲಿ ಸಿಕ್ಕಿತೇ ಅವಳಿಗೆ?"

ಆ ಪ್ರಶ್ನೆಯಲ್ಲಿ ಅಸೂಯೆಯಿರಲಿಲ್ಲ, ಲೆಕ್ಕ ಹಾಕುವ ಕುತೂಹಲವಿತ್ತು. ನನಗೆ ಮಾತ್ರ ನಾಚಿಕೆಯಾಯಿತು. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ವರ್ಷ ನಾನು ಚಿಕ್ಕಮ್ಮನಿಗೆ ಒಂದು ಸೀರೆ ತಂದುಕೊಟ್ಟೆ. ಒಂದು ಜೊತೆ ತಂತಿ ತರಬಹುದಿತ್ತು. ತರಗತಿಯಲ್ಲಿ ಮೂವತ್ತು ವರ್ಷ ಸ್ತ್ರೀಶಿಕ್ಷಣದ ಪಾಠ ಹೇಳಿದವಳ ಬಾಯಲ್ಲಿ, "ಚಿಕ್ಕಮ್ಮಾ, ಒಂಚೂರು ನುಡಿಸು" ಎಂಬ ಮಾತು ಒಮ್ಮೆಯೂ ಬರಲಿಲ್ಲ. ಆಲಿಸಳಿಗೆ ಸತ್ತ ಗಂಡನೇ ಆ ಮಾತು ಹೇಳಿಟ್ಟು ಹೋಗಿದ್ದ. ನಮ್ಮ ಮನೆಯಲ್ಲಿ ಬದುಕಿದ್ದವರು ಇಷ್ಟು ಜನರಿದ್ದೆವು.

ಅಂದು ಹೇಳಿದೆ. ವೀಣೆ ಪೂಜೆಗೆಂದು ಹೇಗೂ ಕೆಳಗಿತ್ತು. ಚಿಕ್ಕಮ್ಮ ತನ್ನ ಬೆರಳುಗಳನ್ನು ಒಮ್ಮೆ ಮಡಿಸಿ ಬಿಚ್ಚಿ ನೋಡಿಕೊಂಡಳು.

"ತಂತಿ ತುಕ್ಕು ಹಿಡಿದಿವೆಯಲ್ಲೇ" ಎಂದಳು. ಬೇಡ ಎನ್ನಲಿಲ್ಲ.

ಈ ಸಲ ವಿಜಯದಶಮಿ ಕಳೆದ ಮೇಲೂ ವೀಣೆಯನ್ನು ಅಟ್ಟಕ್ಕೆ ಏರಿಸಲಿಲ್ಲ. ತಂತಿಗೆ ಹೇಳಿದ್ದೇನೆ.